ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಒಂದೇ ಬಿಲ್ಡ್: ಬಿಲ್ಡ್ ಎಂಜಿನಿಯರ್ ಅವರಿಗೆ ನಿಮ್ಮ ಪ್ರಶ್ನೆಗಳು

ಹೊಸಬ: ನಮಸ್ಕಾರ ಮೇಡಂ. ಸಿ++ನಲ್ಲಿ ಹೊಸ ಪ್ರಾಜೆಕ್ಟ್ ಆರಂಭಿಸುತ್ತಿದ್ದೇನೆ. ಕೋಡನ್ನು ಪ್ರೋಗ್ರಾಂ ಆಗಿ ಕಟ್ಟಲು (ಬಿಲ್ಡ್ ಮಾಡಲು) ಸಿಮೇಕ್, ಮೆಸನ್, ಬೇಜಲ್ ಎಂಬ ಉಪಕರಣಗಳಲ್ಲಿ ಯಾವುದು ಒಳ್ಳೆಯದು?

ಎಂಜಿನಿಯರ್: ನಮಸ್ಕಾರ. ಮೊದಲು ನೀವು ಬಳಸಲಿರುವ ಲೈಬ್ರರಿಗಳ, ಅಂದರೆ ಸಿದ್ಧ ಕೋಡ್ ಸಂಗ್ರಹಗಳ, ಪಟ್ಟಿ ಮಾಡಿ. ಅವು ಯಾವ ದಾರಿ ಹಿಡಿದಿವೆಯೋ ಅದೇ ನಿಮಗೂ ಹಗುರ. ಪರದೆಯ ಕಿಟಕಿ, ಗುಂಡಿಗಳನ್ನು ರಚಿಸುವ ಲೈಬ್ರರಿಗಳನ್ನೇ ನೋಡಿ: ಕ್ಯೂಟಿ 6 ಅನ್ನು ಕಟ್ಟುವುದೇ ಸಿಮೇಕ್‌ನಿಂದ. ಜಿಟಿಕೆ ಬಳಸುವುದಾದರೆ ಮೆಸನ್.

ರಾತ್ರಿ ಪಾಳಿ: ಮೇಡಂ, ಮೂರು ದಿನದಿಂದ ಸಿಕ್ಕಿಬಿದ್ದಿದ್ದೇನೆ. ಒಂದು ಲೈಬ್ರರಿ, ಅದನ್ನು ಬಳಸುವ ಒಂದು ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಸರಾಗ. ವಿಂಡೋಸ್‌ನಲ್ಲಿ ‘ಎಲ್‌ಎನ್‌ಕೆ 1104’, ಡಾಟ್ ಲಿಬ್ ಕಡತ ತೆರೆಯಲಾಗಲಿಲ್ಲ ಎನ್ನುತ್ತದೆ. ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಬಳಸುವ ಲೈಬ್ರರಿ ಕಡತ) ಮಾತ್ರ ಫೋಲ್ಡರಿನಲ್ಲಿ ಕಣ್ಣೆದುರೇ ಇದೆ. ಸಿಮೇಕ್ ಬಿಟ್ಟು ಮೆಸನ್‌ಗೆ ಹೋಗಲೇ?

ಎಂಜಿನಿಯರ್: ಹೋಗಬೇಡಿ. ಅಲ್ಲಿಯೂ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವುದು ಇದೇ ಲಿಂಕರ್, ಬರುವುದು ಇದೇ ದೋಷ. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಲೈಬ್ರರಿಯ ಎಲ್ಲ ಫಂಕ್ಷನ್‌ಗಳನ್ನೂ ತಾನಾಗಿಯೇ ಹೊರಗೆ ಕಾಣಿಸುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್ ಹಾಗಲ್ಲ, ನೀವು ಗುರುತು ಹಾಕಿದ್ದನ್ನು ಮಾತ್ರ ಹೊರಗೆ ಬಿಡುತ್ತದೆ. ನೀವು ಒಂದಕ್ಕೂ ಗುರುತು ಹಾಕಿದಂತಿಲ್ಲ. ಆಗ ಡಿಎಲ್‌ಎಲ್ ಹುಟ್ಟುತ್ತದೆ, ಅದರಲ್ಲಿ ಏನಿದೆಯೆಂದು ಲಿಂಕರ್‌ಗೆ ತಿಳಿಸಲು ಜೊತೆಗೆ ಬರಬೇಕಾದ ಡಾಟ್ ಲಿಬ್ ಹುಟ್ಟುವುದೇ ಇಲ್ಲ. ಕಡತದ ಒಳಗಿರುವುದನ್ನು ತೋರಿಸುವ ಡಂಪ್‌ಬಿನ್‌ಗೆ ‘ಎಕ್ಸ್‌ಪೋರ್ಟ್ಸ್’ ಆಯ್ಕೆ ಕೊಟ್ಟು ಆ ಡಿಎಲ್‌ಎಲ್ ನೋಡಿ, ಪಟ್ಟಿ ಖಾಲಿ ಇರುತ್ತದೆ.

ಇವತ್ತಿನ ಮಟ್ಟಿಗೆ, ಸಿಮೇಕ್ 3.4ರಿಂದ ಇರುವ ‘ವಿಂಡೋಸ್ ಎಕ್ಸ್‌ಪೋರ್ಟ್ ಆಲ್ ಸಿಂಬಲ್ಸ್’ ಅನ್ನು ಆನ್ ಮಾಡಿ. ಫಂಕ್ಷನ್‌ಗಳಿಗೆ ಅಷ್ಟು ಸಾಕು. ಗ್ಲೋಬಲ್ ವೇರಿಯಬಲ್‌ಗಳಿಗೆ ಸಾಲದು, ಅವಕ್ಕೆ ಹೆಡರ್‌ನಲ್ಲಿ ‘ಡಿಎಲ್‌ಎಲ್ ಇಂಪೋರ್ಟ್’ ಗುರುತು ಬೇಕೇ ಬೇಕು. ಬಿಡುವಾದಾಗ ಸಿಮೇಕ್‌ನ ‘ಜನರೇಟ್ ಎಕ್ಸ್‌ಪೋರ್ಟ್ ಹೆಡರ್’ ಬಳಸಿ ಸರಿಯಾಗಿ ಗುರುತು ಹಾಕಿ, ಗುರುತಿಲ್ಲದ್ದು ಹೊರಗೆ ಕಾಣದಂತೆ ಲಿನಕ್ಸ್‌ನಲ್ಲಿಯೂ ವಿಸಿಬಿಲಿಟಿಯನ್ನು ‘ಹಿಡನ್’ ಮಾಡಿ. ಆಗ ಮರೆತ ಗುರುತು ನಿಮ್ಮ ಯಂತ್ರದಲ್ಲೇ ಸಿಕ್ಕಿಬೀಳುತ್ತದೆ.

ಸಹಾಯಹಸ್ತ: ಫಾರ್ವರ್ಡ್ ಆಗಿ ಬಂದದ್ದು: ‘ಸಿಮೇಕ್‌ನ ಯಾವ ದೋಷಕ್ಕೂ ಒಂದೇ ಮದ್ದು. ಆರ್‌ಎಂ ಆದೇಶದಿಂದ ಫೋಲ್ಡರಿನಲ್ಲಿರುವ ಎಲ್ಲವನ್ನೂ ಅಳಿಸಿ, ಸುಡೊ ಹಾಕಿ ಮತ್ತೆ ಓಡಿಸಿ.’ ಎಲ್ಲರಿಗೂ ತಿಳಿಸಿ.

ಎಂಜಿನಿಯರ್: ಯಾರೂ ಇದನ್ನು ಓಡಿಸಬೇಡಿ. ಬಿಲ್ಡ್ ಫೋಲ್ಡರಿನಲ್ಲಿದ್ದೇನೆಂದುಕೊಂಡು ಸೋರ್ಸ್ ಫೋಲ್ಡರಿನಲ್ಲಿ ನಿಂತು ಈ ಆದೇಶ ಕೊಟ್ಟರೆ ಬರೆದ ಕೋಡ್ ಹೋಗುತ್ತದೆ. ಸುಡೊ, ಅಂದರೆ ನಿರ್ವಾಹಕರ ಅಧಿಕಾರ, ಹಾಕಿದರೆ ಕಡತಗಳ ಒಡೆತನ ನಿರ್ವಾಹಕ ಖಾತೆಯಾದ ರೂಟ್‌ಗೆ ಹೋಗಿ, ಮುಂದಿನ ಬಿಲ್ಡ್ ಅನುಮತಿ ಇಲ್ಲವೆಂದು ನಿಲ್ಲುತ್ತದೆ. ಹೊಸದಾಗಿ ಆರಂಭಿಸಲು ಸಿಮೇಕ್ 3.24ರಿಂದ ‘ಫ್ರೆಶ್’ ಆಯ್ಕೆ ಇದೆ. ಓದದೆ ಕಳುಹಿಸಬೇಡಿ.

ಸಹಾಯಹಸ್ತ: ಒಳ್ಳೆಯದಾಗಲೆಂದು ಹಾಕಿದೆ ಮೇಡಂ.

ಕಿರುಫಲಕ: ಎಆರ್‌ಎಂ ಚಿಪ್ ಇರುವ ಬೋರ್ಡ್‌ಗೆ ನನ್ನ ಕಂಪ್ಯೂಟರಿನಲ್ಲೇ ಕಂಪೈಲ್ (ಕ್ರಾಸ್ ಕಂಪೈಲ್) ಮಾಡಲು, ಯಾವ ಕಂಪೈಲರ್ ಎಂದು ತಿಳಿಸುವ ಟೂಲ್‌ಚೈನ್ ಕಡತ ಹೇಗೆ ಬರೆಯಬೇಕು?

ಹಳೆಯ ಕೈ: ಇದೆಲ್ಲ ಏಕೆ? ಬಿಲ್ಡ್ ಉಪಕರಣ ಮೇಕ್ 1976ರಿಂದ ನಡೆಯುತ್ತಿದೆ. ಅದರ ಮೇಲೆ, ಅದಕ್ಕೆ ಬೇಕಾದ ಕಡತ ಬರೆದುಕೊಡುವ ಆಟೋಟೂಲ್ಸ್ ಇದ್ದರೆ ಸಾಕು.

ಮೆಸನ್ ಬಳಕೆದಾರ: ಕಡತ ಕುಗ್ಗಿಸುವ ಎಕ್ಸ್‌ಝಡ್ ಉಪಕರಣದಲ್ಲಿ 2024ರಲ್ಲಿ ಸಿಕ್ಕ ಹಿಂಬಾಗಿಲು ಮರೆತಿರಾ? 5.6.0 ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಸೋರ್ಸ್ ಕಟ್ಟಿನಲ್ಲಿ), ಅದನ್ನು ಬಿಲ್ಡ್‌ಗೆ ಸೇರಿಸುವ ಸಾಲುಗಳನ್ನು ಆಟೋಟೂಲ್ಸ್‌ನ ಎಂ4 ಕಡತವೊಂದರೊಳಗೆ ಅಡಗಿಸಿದ್ದರು. ಆಟೋಟೂಲ್ಸ್ ಉಗುಳುವ ಅಷ್ಟುದ್ದದ ಸ್ಕ್ರಿಪ್ಟ್ ಯಾರು ಓದುತ್ತಾರೆ?

ಹಳೆಯ ಕೈ: ಕಳ್ಳ ಬಂದರೆ ಬಾಗಿಲನ್ನು ಬೈಯುತ್ತೀರಾ? ನಿಮ್ಮ ಮೆಸನ್‌ಗೆ ಮೊದಲು ಪೈಥಾನ್ ಬೇಕು.

ಮೆಸನ್ ಬಳಕೆದಾರ: ನಿಮ್ಮದಕ್ಕೆ ವಿಂಡೋಸ್‌ನಲ್ಲಿ ಇಡೀ ಯುನಿಕ್ಸ್ ಪರಿಸರವೇ ಬೇಕು. ಪ್ರಶ್ನೆ ಮೂರು ವ್ಯವಸ್ಥೆಗಳದ್ದು, ಓದಿ ಬರೆಯಿರಿ.

ಎಂಜಿನಿಯರ್: ಅದೇ ಎಕ್ಸ್‌ಝಡ್‌ನ ಸಿಮೇಕ್ ಕಡತದಲ್ಲಿ ಒಂದೇ ಒಂದು ಚುಕ್ಕೆ ಸೇರಿಸಿದ್ದರು. ಪ್ರೋಗ್ರಾಂ ಏನೇನು ಮುಟ್ಟಬಹುದೆಂದು ಮಿತಿ ಹಾಕುವ ಲಿನಕ್ಸ್‌ನ ಲ್ಯಾಂಡ್‌ಲಾಕ್ ಇದೆಯೇ ಎಂದು ಪರೀಕ್ಷಿಸುವ ತುಣುಕು ಆ ಚುಕ್ಕೆಯಿಂದ ಕಂಪೈಲ್ ಆಗದೆ, ರಕ್ಷಣೆ ಸದ್ದಿಲ್ಲದೆ ಆಫ್ ಆಗುತ್ತಿತ್ತು. ಯಾವ ಉಪಕರಣವೇ ಇರಲಿ, ಬಿಲ್ಡ್ ಕಡತದ ಬದಲಾವಣೆಯನ್ನೂ ಕೋಡ್‌ನಂತೆ ಸಾಲು ಸಾಲಾಗಿ ಓದಿ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಕಲಿಕಾರ್ಥಿ: ಸಿಮೇಕ್ ಒಳ್ಳೆಯದೋ ಮೆಸನ್ ಒಳ್ಳೆಯದೋ?

ಎಂಜಿನಿಯರ್: ಮೇಲೆ ಬರೆದಿದ್ದೇನೆ.

ಇಬ್ಬರ ತಂಡ: ಬೇಜಲ್ ಕಲಿಯಬೇಕೇ ಮೇಡಂ? ನಾವಿಬ್ಬರೇ ಇದ್ದೇವೆ.

ಎಂಜಿನಿಯರ್: ಬೇಡ.

ಕಿರುಫಲಕ: ನನ್ನ ಟೂಲ್‌ಚೈನ್ ಪ್ರಶ್ನೆ ಮೇಡಂ?

ಹಳೆಯ ಕೈ: ಮೆಸನ್‌ನಲ್ಲಿ ಎಲ್ಲ ಕಡತಗಳನ್ನೂ ಒಟ್ಟಿಗೆ ಸೇರಿಸಲು ನಕ್ಷತ್ರ ಚಿಹ್ನೆಯೂ ಇಲ್ಲ. ಒಂದೊಂದೇ ಹೆಸರು ಬರೆಯುತ್ತ ಕೂರಬೇಕು.

ಮೆಸನ್ ಬಳಕೆದಾರ: ಬೇಕೆಂದೇ ಬಿಟ್ಟಿದ್ದಾರೆ. ಸಿಮೇಕ್ ಕೈಪಿಡಿಯೂ ಹೀಗೆ ಒಟ್ಟಿಗೆ ಸೇರಿಸುವ ಗ್ಲಾಬ್ ಬೇಡವೆನ್ನುತ್ತದೆ. ಕೈಪಿಡಿ ಓದುವ ಅಭ್ಯಾಸವಿದ್ದರೆ ತಾನೇ.

ರಾತ್ರಿ ಪಾಳಿ: ಮೇಡಂ, ಪಟ್ಟಿ ಖಾಲಿಯೇ ಇತ್ತು! ನೀವು ಹೇಳಿದ್ದನ್ನು ಆನ್ ಮಾಡಿದೆ, ಡಾಟ್ ಲಿಬ್ ಬಂತು. ಈಗ ಲಾಗ್ ಮಟ್ಟ ಇಟ್ಟಿರುವ ವೇರಿಯಬಲ್ ಒಂದೇ ಸಿಗುತ್ತಿಲ್ಲವೆನ್ನುತ್ತದೆ.

ಎಂಜಿನಿಯರ್: ಗ್ಲೋಬಲ್ ವೇರಿಯಬಲ್ ತಾನೇ? ಹೆಡರ್‌ನಲ್ಲಿ ಗುರುತು ಹಾಕಿ. ಅಥವಾ ಅದನ್ನು ಲೈಬ್ರರಿಯ ಒಳಗೇ ಇಟ್ಟು, ಮಟ್ಟ ತಿಳಿಸುವ ಒಂದು ಫಂಕ್ಷನ್ ಬರೆಯಿರಿ. ನಾನಾಗಿದ್ದರೆ ಎರಡನೆಯದನ್ನೇ ಮಾಡುತ್ತಿದ್ದೆ.