ಸರಸ್ವತಿಪುರಂ ಹಳೇ ಮನೆ, ಮೂರು ಬಾಡಿಗೆ ಪೋರ್ಶನ್: ಮೊದಲು ಮೀಟರೋ, ಪ್ಲಾನೋ?

ಪ್ರಶ್ನೆ:
ಅಪ್ಪ ಕಟ್ಟಿಸಿದ ಮನೆ, 40/60 ಸೈಟು. ಕೆಳಗಿನ ಮನೆಯ ಮಧ್ಯೆ ಗೋಡೆ ಎತ್ತಿ ಎರಡು ಪೋರ್ಶನ್ ಮಾಡಿದ್ದರು. ಮಹಡಿ ಆಮೇಲೆ ಬಂದದ್ದು. ಪ್ಲಾನ್ ಇರುವುದು ಕೆಳಗಿನದಕ್ಕೆ ಮಾತ್ರ. ಮೂರಕ್ಕೂ ಒಂದೇ ಮೀಟರ್, ಒಳಗೆ ಸಬ್ ಮೀಟರ್. ಹಿಂದಿನ ಪೋರ್ಶನ್‌ನ ಮಲಗುವ ಕೋಣೆಗೆ ಕಿಟಕಿಯೇ ಇಲ್ಲ. ಮಾನಸಗಂಗೋತ್ರಿಯಲ್ಲಿ (ಮೈಸೂರು ವಿಶ್ವವಿದ್ಯಾನಿಲಯ) ಓದುವ ಇಬ್ಬರು ಹುಡುಗಿಯರು ಅಲ್ಲಿದ್ದಾರೆ. ಈಗ ಖಾತೆ ಅಮ್ಮನ ಹೆಸರಿಗಾಗಿದೆ. ಎಲ್ಲವನ್ನೂ ಸರಿಯಾಗಿ ಮಾಡಿಸಬೇಕು ಅಂತ ಅಮ್ಮನಿಗೂ ನನಗೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ತೆರಿಗೆ ಕಟ್ಟುತ್ತಿದ್ದೀರಲ್ವಾ? ಸುಮ್ನೆ ಇರಿ. ದಂಡ ಕಟ್ಟಿ ಕಟ್ಟಡ ಸಕ್ರಮ ಮಾಡಿಸಿಕೊಳ್ಳುವ ಅಕ್ರಮ-ಸಕ್ರಮ ಯೋಜನೆ ಬಂದಾಗ ನೋಡಿಕೊಳ್ಳಿ.

ಉತ್ತರ 2:
ಮೇಡಂ, ದಯವಿಟ್ಟು ಕಾಯಬೇಡಿ. ಅಕ್ರಮ-ಸಕ್ರಮಕ್ಕೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡಕ್ಕೆ ಒಪ್ಪಿಗೆ ಸಿಕ್ಕ ಹಾಗಲ್ಲ.

ನಾನು ಮೈಸೂರಲ್ಲೇ ವೈರಿಂಗ್ ಗುತ್ತಿಗೆ ಮಾಡುವವನು. ಮೀಟರ್ ಕೆಲಸ ಸಿಕ್ಕರೆ ನನಗೇ ಲಾಭ, ಆದರೂ ಹೇಳುತ್ತೇನೆ: ಮೊದಲು ಪ್ಲಾನ್. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಹೊಸ ಕರೆಂಟ್, ನೀರಿನ ಸಂಪರ್ಕಕ್ಕೆ ಓಸಿ (ಕಟ್ಟಡ ಪ್ಲಾನ್ ಪ್ರಕಾರ ಇದೆ, ವಾಸ ಮಾಡಬಹುದು ಅಂತ ಕೊಡುವ ಪ್ರಮಾಣಪತ್ರ) ಪ್ರಶ್ನೆ ಬಂದೇ ಬರುತ್ತದೆ. ಎಂಜಿನಿಯರ್ ಕರೆಸಿ, ಈಗ ಇರುವುದನ್ನು ಇರುವ ಹಾಗೇ ಅಳೆಸಿ. ಮೂರು ಅಡುಗೆಮನೆಯನ್ನೂ ನಕ್ಷೆಯಲ್ಲಿ ತೋರಿಸಲಿ, ಮುಚ್ಚಿಡಬೇಡಿ. ಮಹಡಿ ಸೆಟ್‌ಬ್ಯಾಕ್‌ಗೆ (ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ) ಚಾಚಿದ್ದರೆ ಅಷ್ಟು ಭಾಗ ಒಡೆಯಬೇಕಾಗಬಹುದು. ಆಮೇಲೆ ಪಾಲಿಕೆಯ ವಲಯ ಕಚೇರಿ.

ಮೀಟರ್ ಬೇರೆ ಆಗಲೇಬೇಕು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಮೂರು ಸಂಸಾರ ಒಂದೇ ಆರ್‌ಆರ್ ನಂಬರಿನಲ್ಲಿದ್ದರೆ (ಬಿಲ್ಲಿನ ಮೇಲಿನ ಸಂಪರ್ಕ ಸಂಖ್ಯೆ) ದಾಟದೆ ಇರುತ್ತದಾ? ಬಾಡಿಗೆಯವರ ಸೌಲಭ್ಯ ಅವರಿಗೆ ಸಿಗಲಿ. ಲೋಡೂ ನೋಡಿ. ಎರಡು ಕಿಲೋವಾಟ್‌ನ ಮೂರು ಗೀಸರ್ ಬೆಳಗ್ಗೆ ಒಟ್ಟಿಗೆ ಹಾಕಿದರೆ ಅದೇ ಆರು ಕಿಲೋವಾಟ್. ಹಳೇ ಮನೆಗಳ ಮೇನ್ ಸ್ವಿಚ್ಚಿನಲ್ಲಿ ಕರಕಲಾದ ತಂತಿ ಜಾಸ್ತಿ ಕಾಣುತ್ತದೆ. ಅರ್ತಿಂಗ್ ಇದೆಯಾ ಅಂತ ನೋಡಿಸಿ.

ಕಿಟಕಿ ಇಲ್ಲದ ಆ ಕೋಣೆಯಲ್ಲಿ ಮಾತ್ರ ಇವತ್ತಿನಿಂದಲೇ ಯಾರೂ ಮಲಗುವುದು ಬೇಡ. ಹುಡುಗಿಯರ ಮಂಚ ಹಾಲ್‌ಗೆ ಹಾಕಿಸಿ, ಕಿಟಕಿ ಇಡುವವರೆಗೆ ಬಾಡಿಗೆ ಇಳಿಸಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ತೆಗೆಸಿ. ಗಾಳಿಯಾಡದ ಬಚ್ಚಲಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಜೀವವೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಗೀಸರ್ ಗ್ಯಾಸಿನದೇ ಸರ್. ನಾಳೆಯೇ ತೆಗೆಸುತ್ತೇನೆ. ಮಂಚವನ್ನೂ ಹಾಲ್‌ಗೆ ಹಾಕಿಸುತ್ತೇನೆ. ಕರಾರು ಪತ್ರ ಯಾರಿಗೂ ಮಾಡಿಕೊಟ್ಟಿಲ್ಲ, ಎಲ್ಲಾ ಬಾಯಿ ಮಾತಿನ ಮೇಲೆ ನಡೆದಿದೆ.

ಉತ್ತರ 3:
ಖಾತೆ ಅಮ್ಮನದು ಅಂದಮೇಲೆ ಕರಾರಿಗೆ ಅವರೇ ಸಹಿ ಹಾಕಲಿ. ಮೂವರಿಗೂ ಬೇರೆ ಬೇರೆ ಪತ್ರ ಮಾಡಿ, ಅಡ್ವಾನ್ಸ್ ಎಷ್ಟು ಅಂತ ಬರೆಯಿಸಿ. ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ಮೀರಿದರೆ ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಕಡ್ಡಾಯ.