ಹಳೆ ಕೆನಡಾ ಡಾಲರ್ ನಾಣ್ಯಕ್ಕೆ ಬೆಲೆ ಇದೆಯಾ? ಅನುಭವ ಇದ್ದವರು ಹೇಳಿ

ನಾವಿರೋದು ಮಿಸ್ಸಿಸಾಗಾದಲ್ಲಿ. ಓನರ್ ಅಜ್ಜಿ ಮನೆ ಮಾರಿ ಹೋಗುವಾಗ ನನ್ನ ಮಗನಿಗೆ ಒಂದು ಬಿಸ್ಕತ್ ಡಬ್ಬಿ ಕೊಟ್ಟರು. ಒಳಗೆ ಹದಿನಾಲ್ಕು ಡಾಲರ್ ನಾಣ್ಯ, 1936ರಿಂದ 1987ರವರೆಗಿನವು. ಕೆಲವು ಕಪ್ಪಾಗಿವೆ. ಅಂಗಡಿಗೆ ಹೋಗುವ ಮೊದಲು ಬೆಲೆ ಅಂದಾಜು ಮಾಡುವುದು ಹೇಗೆ?

ಕ್ಯಾಲ್ಗರಿಯಿಂದ: ಫ್ರಿಜ್ ಮೇಲಿನ ಮ್ಯಾಗ್ನೆಟ್ ತಗೊಳ್ಳಿ ಸರ್, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. 1935ರಿಂದ 1967ರವರೆಗಿನ ಡಾಲರ್‌ನಲ್ಲಿ ನೂರಕ್ಕೆ 80 ಭಾಗ ಬೆಳ್ಳಿ. ಅಂಟುವುದಿಲ್ಲ. 1968ರಿಂದ ಚಲಾವಣೆಗೆ ಬಂದದ್ದು ನಿಕ್ಕಲ್, ಟಕ್ ಅಂತ ಅಂಟುತ್ತದೆ. ಅಳತೆಯೂ ಬೇರೆ: ಬೆಳ್ಳಿಯದು 36 ಮಿ.ಮೀ., ನಿಕ್ಕಲ್‌ದು 32. ಆದರೆ 1971ರಿಂದ ಸಂಗ್ರಾಹಕರಿಗೆಂದೇ ಅರ್ಧ ಬೆಳ್ಳಿಯ ಡಾಲರ್ ಕೂಡ ಬಂತು. ಹಾಗಾಗಿ ಬರೀ ಇಸವಿ ನೋಡಿ ನಿಕ್ಕಲ್ ಅಂದುಕೊಳ್ಳಬೇಡಿ.

1967ರವರೆಗಿನದ್ದು ಒಂದೊಂದು 23.3 ಗ್ರಾಂ ತೂಗಬೇಕು. ಅದರಲ್ಲಿ 0.6 ಟ್ರಾಯ್ ಔನ್ಸ್ (ಬೆಳ್ಳಿ-ಬಂಗಾರ ತೂಗುವ ಔನ್ಸ್) ಬೆಳ್ಳಿ. ಅವತ್ತಿನ ಬೆಳ್ಳಿ ದರದಿಂದ ಗುಣಿಸಿ. ನಾಣ್ಯ ಎಷ್ಟೇ ಸವೆದಿರಲಿ, ಹೆಚ್ಚುಕಮ್ಮಿ ಅಷ್ಟಂತೂ ಸಿಗಬೇಕು.

ಬ್ರಾಂಪ್ಟನ್‌ನಿಂದ: ದಯವಿಟ್ಟು ತೊಳೆಯಬೇಡಿ! ನಾನು ದೇವರ ಸಾಮಾನು ಉಜ್ಜುವ ಹಾಗೆ ವಿಭೂತಿ ಹಾಕಿ 1939ರ ಪಾರ್ಲಿಮೆಂಟ್ ಚಿತ್ರದ ಡಾಲರ್ ಉಜ್ಜಿಬಿಟ್ಟೆ. ಫಳಫಳ ಅಂತು, ಖುಷಿಪಟ್ಟೆ. ಅಂಗಡಿಯವನು ದೀಪದ ಕೆಳಗೆ ಓರೆ ಮಾಡಿ ನೋಡಿ, ಕೂದಲೆಳೆಯಂಥ ಗೀರು ತೋರಿಸಿ, ಬೆಳ್ಳಿ ರೇಟಷ್ಟೇ ಕೊಡ್ತೀನಿ ಅಂದ. ಆ ಕಪ್ಪೇ ಅದಕ್ಕೆ ಲಕ್ಷಣವಂತೆ. ನಮ್ಮತ್ತೆ ಇವತ್ತಿಗೂ ಇದನ್ನು ನಂಬುವುದಿಲ್ಲ.

ಒಟ್ಟಾವಾದಿಂದ: 1948 ಇದೆಯಾ ನೋಡಿ. ಇದರ ಕಥೆ ನಮಗೂ ಸೇರಿದ್ದು. ಭಾರತ ಸ್ವತಂತ್ರವಾದ ಮೇಲೆ ನಾಣ್ಯದ ಮೇಲೆ ಆರನೇ ಜಾರ್ಜ್‌ಗಿದ್ದ 'ಭಾರತದ ಚಕ್ರವರ್ತಿ' ಅನ್ನುವ ಬಿರುದು ತೆಗೆಯಬೇಕಾಯಿತು. ಹೊಸ ಅಚ್ಚು ಲಂಡನ್‌ನಿಂದ ಬರುವುದು ತಡವಾಯಿತು. ಅಲ್ಲಿಯವರೆಗೆ 1947ರ ಅಚ್ಚಿನಲ್ಲೇ ಇಸವಿ ಪಕ್ಕ ಪುಟ್ಟ ಮೇಪಲ್ ಎಲೆ ಸೇರಿಸಿ ಹೊಡೆದರು. 1948 ಅಂತ ಇರುವ ಡಾಲರ್ ಬರೀ 18,780. ಎಲೆ ಇರುವ 1947 ಕೂಡ ಸುಮಾರು 21 ಸಾವಿರವಷ್ಟೇ. ಇಂಥದ್ದು ಸಿಕ್ಕರೆ ಯಾರಿಗೂ ತಕ್ಷಣ ಮಾರಬೇಡಿ. ಐಸಿಸಿಎಸ್‌ನಂಥ (ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆ) ಕಡೆ ಗ್ರೇಡ್ ಮಾಡಿಸಿ, ನಕಲಿಗಳೂ ಓಡಾಡುತ್ತವೆ. ಸಾಮಾನ್ಯ ನಾಣ್ಯಕ್ಕೆ ಮಾತ್ರ ಗ್ರೇಡಿಂಗ್ ಖರ್ಚು ದಂಡ.

ಮತ್ತೆ ಕ್ಯಾಲ್ಗರಿಯಿಂದ: 1987ರದ್ದು ಹನ್ನೊಂದು ಮೂಲೆಯ ಲೂನಿ (ಈಗಲೂ ಓಡುವ ಒಂದು ಡಾಲರ್ ನಾಣ್ಯ) ಅಲ್ವಾ? 20 ಕೋಟಿಗೂ ಜಾಸ್ತಿ ಹೊಡೆದಿದ್ದಾರೆ. ಕಾಫಿ ಕುಡಿಯಿರಿ ಅದರಲ್ಲಿ.

ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ಒಂಬತ್ತು ಅಂಟಿದವು, ಐದು ಇಲ್ಲ. ಆ ಐದೂ ಅಡುಗೆಮನೆ ತಕ್ಕಡಿಯಲ್ಲಿ 23 ಅಂತಲೇ ತೋರಿಸಿದವು. 1948 ಇಲ್ಲ. 1947 ಒಂದಿದೆ. ಇಸವಿ ಪಕ್ಕ ಏನೋ ಚುಕ್ಕಿ ಕಾಣುತ್ತಿದೆ, ಮಗ ಎಲೆ ಅಂತಾನೆ, ಹೆಂಡತಿ ಕೊಳೆ ಅಂತಾಳೆ. ಉಜ್ಜಿ ನೋಡುವ ಹಾಗೂ ಇಲ್ಲ! ಭೂತಗನ್ನಡಿ ತರಲು ಹೊರಟಿದ್ದೇನೆ.