ಅಪ್‌ಡೇಟ್: ಬೈಕಿನ ಪಟಪಟ ಸದ್ದು ನಿಂತಿತು, ತಪ್ಪು ಇಂಜೆಕ್ಟರ್‌ದಲ್ಲ

ಎರಡು ವಾರದ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ, ನೆನಪಿದೆಯಲ್ವಾ? ನನ್ನ ಬಿಎಸ್6 (ಹೊಗೆ ಮಾಲಿನ್ಯ ನಿಯಮದ) ಬೈಕು ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರ್‌ನಲ್ಲಿ ಪಟ್ ಪಟ್ ಎಂದು ಹೊಡೆಯುತ್ತಿತ್ತು. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಗ್ಯಾರೇಜಿನವರು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬದಲಿಸಿ ಅಂದಿದ್ದರು.

ನೀವು ಮೊದಲು ಗಾಳಿ ಲೀಕ್ ನೋಡಿ ಅಂದಿರಿ. ಅದೇ ಸರಿ! ಲೀಕ್ ಹುಡುಕಲು ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯಲು ಭಯವಾಯಿತು, ಬೆಂಕಿ ಹತ್ತಿದರೆ ಕಷ್ಟ. ಬೈಕನ್ನು ಐಡ್ಲಿಂಗ್‌ನಲ್ಲಿ ಬಿಟ್ಟು, ಥ್ರಾಟಲ್ ಬಾಡಿಗೂ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗ) ಎಂಜಿನ್ ಹೆಡ್ಡಿಗೂ ನಡುವಿನ ರಬ್ಬರ್ ಮೇಲೆ ಸೋಪು ನೀರು ಸಿಂಪಡಿಸಿದೆ. ಒಂದು ಕಡೆ ನೊರೆ ಸರ್ರನೆ ಒಳಗೆ ಹೋಯಿತು, ಎಂಜಿನ್ ಸದ್ದೂ ಬದಲಾಯಿತು. ಬಿಚ್ಚಿ ಹೆಬ್ಬೆರಳಿನಿಂದ ಮಡಿಸಿದೆ. ಕ್ಲಾಂಪ್ ಕೂರುವ ಜಾಗದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಸುಮ್ನೆ ನೋಡಿದರೆ ಕಾಣುವುದೇ ಇಲ್ಲ.

ಥ್ರಾಟಲ್ ದಾಟಿದ ಮೇಲೆ ನುಗ್ಗುವ ಈ ಗಾಳಿಯ ಲೆಕ್ಕ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಸರಿಯಾಗಿ ಸಿಗುವುದಿಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಸಿಲಿಂಡರಿನಲ್ಲಿ ಉರಿಯದೆ ಉಳಿದದ್ದು ಬಿಸಿ ಸೈಲೆನ್ಸರ್‌ನಲ್ಲಿ ಹೊತ್ತಿಕೊಳ್ಳುತ್ತದೆ.

ಸೈಲೆನ್ಸರ್ ಗ್ಯಾಸ್ಕೆಟ್ ಸುತ್ತ ಮಸಿ ಕಂಡಿತು, ಬಿರುಕು ಬಿಟ್ಟ ರಬ್ಬರ್ ಜೊತೆಗೆ ಅದನ್ನೂ ಬದಲಿಸಿದೆ. 200 ಕಿ.ಮೀ. ಓಡಿಸಿ ಪ್ಲಗ್ ತೆಗೆದೆ, ತಿಳಿ ಕಂದು ಬಣ್ಣ, ಅಂದರೆ ಈಗ ಸರಿಯಾಗಿದೆ. ಇಳಿಜಾರಿನಲ್ಲೂ ಸದ್ದಿಲ್ಲ. ಇಂಜೆಕ್ಟರ್ ಹಳೆಯದೇ. ನಿಮಗೆಲ್ಲ ತುಂಬಾ ಥ್ಯಾಂಕ್ಸ್.